ದೈವ–ಪೌರುಷ ವಿಚಾರ ಮತ್ತು ಶ್ರವಣಬೆಳ್ಗೊಳದ ಮೂರು ಶಾಸನಗಳು

ಮನುಷ್ಯನ ಬಾಳನ್ನು ನಡೆಸುವುದು ದೈವವೋ ಪೌರುಷವೋ ಎಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಆ ಚರ್ಚೆಯು ಗ್ರಂಥಗಳಿಂದ ಇಳಿದು ಜನರ ನಡತೆಯಲ್ಲಿ ಯಾವ ರೂಪ ತಾಳಿತೆಂಬುದನ್ನು ತಿಳಿಯಲು ಇತಿಹಾಸಕಾರನಿಗೆ ಸಾಧನಗಳು ವಿರಳ. ಶ್ರವಣಬೆಳ್ಗೊಳದ ಚಂದ್ರಗಿರಿಯ ಮೇಲಣ ಸಮಾಧಿಮರಣದ ಶಾಸನಗಳು ಅಂಥ ವಿರಳ ಸಾಧನಗಳಲ್ಲಿ ಸೇರಿವೆ. ಅವನ್ನು 1889ರಲ್ಲಿ ರೈಸರೂ, ಪರಿಷ್ಕರಿಸಿ 1923ರಲ್ಲಿ ನರಸಿಂಹಾಚಾರ್ಯರೂ ಪ್ರಕಟಿಸಿದ ಮೇಲೆ ರಾಜವಂಶಗಳ ಕಾಲನಿರ್ಣಯಕ್ಕಾಗಿ ಹೇರಳವಾಗಿ ಬಳಸಿಕೊಂಡೆವು. ಆದರೆ ಆ ಶಾಸನಗಳು ಹೇಳಹೊರಟ ಮುಖ್ಯ ಸಂಗತಿ ಮನುಷ್ಯನು ತನ್ನ ಮರಣವನ್ನು ವ್ರತವಾಗಿ ಕೈಕೊಂಡ ಬಗೆ. ಷ. ಶೆಟ್ಟರ್ ಅವರ ಅಧ್ಯಯನಗಳು ಬರುವವರೆಗೆ ಅದು ವಿದ್ವಾಂಸರ ಗಮನವನ್ನು ಅಷ್ಟಾಗಿ ಸೆಳೆದಿರಲಿಲ್ಲ.

ಮೊದಲು ಶಾಸ್ತ್ರದ ನಿಲುವನ್ನು ನೋಡಬಹುದು. ಸಮಂತಭದ್ರರು 'ಆಪ್ತಮೀಮಾಂಸೆ'ಯಲ್ಲಿ ದೈವೈಕಾಂತ, ಪೌರುಷೈಕಾಂತ ಎರಡನ್ನೂ ಖಂಡಿಸಿದ್ದಾರೆ. ಎಲ್ಲವೂ ದೈವದಿಂದಲೇ ಆಗುವುದಾದರೆ ಮೋಕ್ಷವೇ ಇಲ್ಲವಾಗಿ ಪ್ರಯತ್ನವು ನಿಷ್ಫಲವಾಗುತ್ತದೆ. ಎಲ್ಲವೂ ಪೌರುಷದಿಂದಲೇ ಆಗುವುದಾದರೆ ಯಾವ ಪ್ರಾಣಿಯ ಯತ್ನವೂ ಎಂದೂ ಸೋಲಬಾರದು. ಬುದ್ಧಿಪೂರ್ವಕವಲ್ಲದೆ ಬಂದ ಇಷ್ಟಾನಿಷ್ಟಗಳು ದೈವದವು, ಬುದ್ಧಿಪೂರ್ವಕವಾಗಿ ಬಂದವು ಪೌರುಷದವು ಎಂಬುದು ಅವರ ನಿರ್ಣಯ. ಇಲ್ಲಿ ದೈವವೆಂದರೆ ಹೊರಗಿನ ಯಾವ ಶಕ್ತಿಯೂ ಅಲ್ಲ, ಜೀವನು ಹಿಂದೆ ತಾನೇ ಗಳಿಸಿದ ಕರ್ಮ. ಅವರ ಹೆಸರಿನಲ್ಲೇ ಪ್ರಸಿದ್ಧವಾದ 'ರತ್ನಕರಂಡಕ'ದಲ್ಲಿ ಸಲ್ಲೇಖನದ ವಿಧಿಯಿದೆ. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಮಾತ್ರ ಅದಕ್ಕೆ ಅವಕಾಶವುಂಟು. ವ್ರತವನ್ನು ಕೆಡಿಸುವ ದೋಷಗಳಲ್ಲಿ ಬದುಕಬೇಕೆಂಬ ಆಸೆಯೊಡನೆ ಸಾಯಬೇಕೆಂಬ ಆಸೆಯೂ ಸೇರಿರುವುದು ಗಮನಾರ್ಹ. ಸಾವು ಬರುವುದನ್ನು ದೈವಕ್ಕೆ ಬಿಟ್ಟು, ಅದನ್ನು ಎದುರುಗೊಳ್ಳುವ ರೀತಿಯನ್ನು ಮಾತ್ರ ಪೌರುಷಕ್ಕೆ ವಹಿಸಿದ ಸೂಕ್ಷ್ಮವಿದು.

ಈ ಸೂಕ್ಷ್ಮವು ರಾಜಕೀಯದ ಬಿರುಗಾಳಿಗೆ ಸಿಕ್ಕಿದ ಕಾಲ ಹತ್ತನೆಯ ಶತಮಾನದ ಕೊನೆ. 973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟ ಕರ್ಕನನ್ನು ಸೋಲಿಸಿದನು. ಗಂಗ ಮಾರಸಿಂಹನು ಮೂರನೆಯ ಕೃಷ್ಣನ ಮೊಮ್ಮಗನೂ ತನ್ನ ಸೋದರಳಿಯನೂ ಆದ ಇಂದ್ರನಿಗೆ ಪಟ್ಟಗಟ್ಟಿ ಆ ವಂಶವನ್ನು ಎತ್ತಿ ನಿಲ್ಲಿಸಲು ಯತ್ನಿಸಿದನು. ಯತ್ನ ಕೈಗೂಡಲಿಲ್ಲ. ಕೂಗೆ ಬ್ರಹ್ಮದೇವರ ಕಂಬದ ಶಾಸನವು ಮಾರಸಿಂಹನ ವಿಜಯಗಳನ್ನು ಸವಿಸ್ತಾರವಾಗಿ ಬಣ್ಣಿಸಿದ ತರುವಾಯ, ಅವನು ರಾಜ್ಯವನ್ನು ತೊರೆದು ಒಂದು ವರ್ಷದ ಮೇಲೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತವಿದ್ದು ಮುಡಿಪಿದನೆಂದು ತಿಳಿಸುತ್ತದೆ. ಇದು 974ರ ಸುಮಾರಿನ ಮಾತು. ಇಂದ್ರನು 982ರಲ್ಲಿ ಬೆಳ್ಗೊಳದಲ್ಲಿಯೇ ಸಲ್ಲೇಖನದಿಂದ ಕಾಲವಾದನು. ಅವನ ಸ್ಮಾರಕ ಶಾಸನದ ಬಹುಭಾಗವು ಚೆಂಡಾಟದಲ್ಲಿ ಅವನಿಗಿದ್ದ ಚಾತುರ್ಯದ ವರ್ಣನೆಗೆ ಮೀಸಲಾಗಿದೆ! ರಾಷ್ಟ್ರಕೂಟ ವಂಶದ ಕೊನೆಯ ಹಕ್ಕುದಾರನನ್ನು ಅವನ ಬಳಿಯವರು ನೆನೆದುಕೊಂಡ ಬಗೆಯಿದು.

ರಾಜ್ಯಭ್ರಂಶವೇ ಇವರನ್ನು ಈ ದಾರಿಗೆ ನೂಕಿತೆಂದೂ ವ್ರತವು ಸೋಲಿಗೆ ಹೊದಿಸಿದ ವಸ್ತ್ರವೆಂದೂ ವಾದಿಸುವುದು ಸುಲಭ. ಈ ವಾದವನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ಅದೇ ಮಾರಸಿಂಹನ ಸೇನಾನಿ ಚಾವುಂಡರಾಯನೂ ಅದೇ ಧರ್ಮಕ್ಕೆ ಸೇರಿದವನು, ಅದೇ ಕುಸಿತವನ್ನು ಕಣ್ಣಾರೆ ಕಂಡವನು. ಅವನು ರಾಚಮಲ್ಲನ ಸೇವೆಯಲ್ಲಿ ಮುಂದುವರಿದು, 978ರಲ್ಲಿ ತನ್ನ ಪುರಾಣವನ್ನು ಮುಗಿಸಿ, ಎದುರಿನ ವಿಂಧ್ಯಗಿರಿಯಲ್ಲಿ ಗೊಮ್ಮಟನನ್ನು ನಿಲ್ಲಿಸಿದನು. ಇಂದ್ರನೂ ಒಡನೆಯೇ ಪ್ರಾಣತ್ಯಾಗ ಮಾಡಿದವನಲ್ಲ. ಮಾವನ ಮರಣಕ್ಕೂ ಅವನ ಮರಣಕ್ಕೂ ನಡುವೆ ಸುಮಾರು ಎಂಟು ವರ್ಷಗಳಿವೆ. ಸೋಲು ಮೂವರಿಗೂ ಬುದ್ಧಿಪೂರ್ವಕವಲ್ಲದೆ ಬಂದದ್ದು, ಸಮಂತಭದ್ರರ ಮಾತಿನಲ್ಲಿ ದೈವದ್ದು. ಅದರಿಂದಾಚೆಗೆ ಮೂವರ ದಾರಿಗಳೂ ಬೇರೆಯಾದವು. ಒಂದೇ ಕಾರಣವು ಮೂರು ಬಗೆಯ ಕಾರ್ಯಗಳನ್ನು ಕೊಟ್ಟಿರುವಾಗ ಕಾರಣವನ್ನಷ್ಟೇ ಹೇಳಿ ಸುಮ್ಮನಾಗುವುದು ಇತಿಹಾಸಕಾರನಿಗೆ ಸಲ್ಲದು.

ಹಾಗೆಂದು ಶಾಸನಕವಿಯು ಸಂಕಲ್ಪವೆಂದು ಕರೆದುದೆಲ್ಲ ಶುದ್ಧ ಸಂಕಲ್ಪವೆಂದೂ ನಂಬಬೇಕಾಗಿಲ್ಲ. ಈ ಕಲ್ಲುಗಳನ್ನು ನಿಲ್ಲಿಸಿದವರು ಉಳಿದವರು. ಸತ್ತವರ ಅಳುಕನ್ನು ಅವರು ಬರೆಸುವುದಿಲ್ಲ. ಈ ಎಚ್ಚರಿಕೆ ಬರಿಯ ಪಾಂಡಿತ್ಯದ ಮಾತಲ್ಲ. 2015ರಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಈ ವ್ರತವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪಿತ್ತಿತು. ಅದೇ ಆಗಸ್ಟ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಅನ್ನ ಬಿಟ್ಟವರ ಇಚ್ಛೆ ಎಷ್ಟರಮಟ್ಟಿಗೆ ಅವರದೇ ಎಂಬ ಪ್ರಶ್ನೆ ಎರಡು ಪಕ್ಷದವರ ವಾದಕ್ಕೂ ತಳಹದಿಯಾಗಿತ್ತು.

ಈ ದೃಷ್ಟಿಯಿಂದ ನಮಗೆ ಅತ್ಯಂತ ಬೆಲೆಯುಳ್ಳದ್ದಾಗಿ ತೋರುವುದು ಅರಸರ ಶಾಸನಗಳಲ್ಲ, ಮಾಚಿಕಬ್ಬೆಯದು. ವಿಷ್ಣುವರ್ಧನನ ರಾಣಿ ಶಾಂತಲದೇವಿ 1123ರಲ್ಲಿ ಚಂದ್ರಗಿರಿಯಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ತಂದೆ ಮಾರಸಿಂಗಮಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಮಗಳು ಹೋದ ಮೇಲೆ ತಾನು ಉಳಿದಿರಲಾರೆನೆಂದು ತಾಯಿ ಬೆಳ್ಗೊಳಕ್ಕೆ ಬಂದು, ಬಂಧುಗಳನ್ನು ಬೀಳ್ಕೊಂಡು, ಅರೆಮುಚ್ಚಿದ ಕಣ್ಣಿನಿಂದ ಪಂಚಪದಗಳನ್ನು ಜಪಿಸುತ್ತ ಗುರುಗಳ ಸನ್ನಿಧಿಯಲ್ಲಿ ಒಂದು ತಿಂಗಳು ಉಪವಾಸವಿದ್ದು ಮುಡಿಪಿದಳೆಂದು ಶಾಸನ ಹೇಳುತ್ತದೆ. 'ರತ್ನಕರಂಡಕ'ವು ಎಣಿಸುವ ದೋಷಗಳಲ್ಲಿ ಮಿತ್ರಸ್ಮೃತಿಯೂ, ಎಂದರೆ ಪ್ರಿಯರಾದವರ ನೆನಪೂ ಒಂದು. ಮಗಳ ಅಗಲಿಕೆಯನ್ನು ಮರೆಸಿ, ಶಾಸ್ತ್ರವು ಮೆಚ್ಚುವ ಕಾರಣವೊಂದನ್ನು ಬರೆಯಿಸುವುದು ಬರೆಯಿಸಿದವರಿಗೆ ಕಷ್ಟವಾಗಿರಲಾರದು. ಅವರು ಹಾಗೆ ಮಾಡದೆ ಶೋಕವನ್ನೂ ವ್ರತವನ್ನೂ ಒಂದೇ ಕಲ್ಲಿನಲ್ಲಿ, ಒಂದರ ಹಿಂದೊಂದಾಗಿ ಕೆತ್ತಿಸಿದ್ದಾರೆ.