ಮಂಡಿ ಚೀಟಿಯ ಹಿಂಬದಿ

ನಮ್ಮಪ್ಪ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. 1999ರಲ್ಲಿ ನಾನು ಸಿಇಟಿಗೆ ಕೂತಾಗ ಅವರಿಗೆ ಅದರಲ್ಲಿ ಅರ್ಥವಾಗಿದ್ದು ಒಂದೇ: ಇಲ್ಲಿ ಉತ್ತರ ಬರೆಯುವುದಿಲ್ಲ, ಸೊನ್ನೆ ತುಂಬುವುದು. ಹಳೇ ಮಂಡಿ ಚೀಟಿಗಳ ಹಿಂಬದಿಯಲ್ಲಿ ಸಾಲಿಗೆ ನಾಲ್ಕರಂತೆ ಸೊನ್ನೆ ಸುತ್ತಿ, ರಾತ್ರಿ ಊಟವಾದ ಮೇಲೆ ನನ್ನ ಮುಂದಿಡುತ್ತಿದ್ದರು. ಎಚ್‌ಎಂಟಿ ವಾಚು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು, "ಗೆರೆ ದಾಟಬಾರ್ದು ಮಗಳೇ" ಅನ್ನುವರು. ಎಷ್ಟು ಓದಿದೆ ಅಂತ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೂ ನನ್ನ ಭೌತಶಾಸ್ತ್ರ ಅವರಿಗೆ ತಿಳಿಯುತ್ತಿರಲಿಲ್ಲ, ಅದೂ ನಿಜ.

ಆದರೆ ಆ ಪರೀಕ್ಷೆ ಯಾಕೆ ಹುಟ್ಟಿತು ಎನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಡೊನೇಷನ್ ಕೊಟ್ಟವರ ಮಕ್ಕಳಿಗೆ ಸೀಟು ಎನ್ನುವ ಕಾಲವನ್ನು ಅವರು ಕಂಡವರು. ಕ್ಯಾಪಿಟೇಷನ್ ನಿಷೇಧದ ಕಾಯ್ದೆ ಬಂದದ್ದು 1984ರಲ್ಲಿ. ಕಾಯ್ದೆ ಬಂತೆಂದು ದುಡ್ಡಿನ ಆಟ ನಿಲ್ಲಲಿಲ್ಲ. 1989ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಕೋಟಾದವರಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000. ಮೀರತ್ತಿನ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋದದ್ದು ಈ ಅರವತ್ತು ಸಾವಿರದ ವಿರುದ್ಧವೇ. 1992ರಲ್ಲಿ ಆಕೆಯ ಪ್ರಕರಣದ ತೀರ್ಪು, ಮರುವರ್ಷ ಅದೇ ಕೋರ್ಟಿನ ಉನ್ನಿಕೃಷ್ಣನ್ ತೀರ್ಪು. ಅಲ್ಲಿಂದ 'ಫ್ರೀ ಸೀಟು', 'ಪೇಮೆಂಟ್ ಸೀಟು' ನಮ್ಮ ಮನೆಮಾತಿಗೆ ಬಂದವು, ಎರಡಕ್ಕೂ ರ‍್ಯಾಂಕೇ ಆಧಾರ. ನಮ್ಮಂಥ ಮನೆಗಳಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಅದುವರೆಗೆ ಅಪ್ಪಂದಿರ ಜೇಬಿನಲ್ಲಿದ್ದ ಅಳುಕು ಆಗಲೇ ಮಕ್ಕಳ ತಲೆಗೆ ಏರಿತು ಅಂತ ನನಗನ್ನಿಸುತ್ತೆ.

ಕೌನ್ಸೆಲಿಂಗ್ ದಿನ ರೈಲು ಹಿಡಿದು ಮಲ್ಲೇಶ್ವರದ 18ನೇ ಕ್ರಾಸಿಗೆ ಬಂದೆವು. ಪ್ಲಾಸ್ಟಿಕ್ ಕವರಿನಲ್ಲಿ ಜಾತಿ ಪ್ರಮಾಣಪತ್ರ, ಅಂಕಪಟ್ಟಿ, ಡಿಡಿ. ಪರದೆಯ ಮೇಲೆ ಉಳಿದ ಸೀಟುಗಳ ಸಂಖ್ಯೆ ಇಳಿಯುತ್ತಿತ್ತು. ಅಪ್ಪ ಅದನ್ನು ಹರಾಜಿನ ದಿನದ ಕೊಬ್ಬರಿ ಧಾರಣೆಯಂತೆ ನೋಡುತ್ತಾ ಕೂತರು. ಪಕ್ಕದ ಹುಡುಗನಿಗೆ ಅವನಪ್ಪ, "ಇನ್ನು ಹತ್ತು ಮಾರ್ಕ್ಸ್ ತೆಗ್ದಿದ್ರೆ ಏನಾಗ್ತಿತ್ತೋ" ಅಂತ ಗದರುತ್ತಿದ್ದರು. ಹುಡುಗ ಚಪ್ಪಲಿಯ ಉಂಗುಷ್ಠ ನೋಡುತ್ತಿದ್ದ. ನನ್ನ ಸರದಿಗೆ ಮೂವರಿರುವಾಗ ನಾನು ಬಯಸಿದ್ದ ಎಲೆಕ್ಟ್ರಾನಿಕ್ಸ್ ಸೀಟು ಮುಗಿಯಿತು. ಅಪ್ಪ ನನ್ನ ಮುಖ ನೋಡಿ, "ಸಿವಿಲ್ ಅಂದ್ರೆ ಮನೆ ಕಟ್ಟೋದು ತಾನೇ? ಜನ ಮನೆ ಕಟ್ಟೋದು ಬಿಡಲ್ಲ ಬಿಡು" ಅಂದರು. ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡ್ತಿದೀನಿ.

ಈಗ ಮಗನ ಸರದಿ. ಮಲ್ಲೇಶ್ವರದ ಆ ಪರದೆ ಹೋಗಿ ಕಾಲೇಜು ಆಯ್ಕೆ ಮನೆಯ ಕಂಪ್ಯೂಟರಿಗೆ ಬಂದಿದೆ. ವೈದ್ಯಕೀಯ ಸೀಟು 2017ರಿಂದ ನೀಟ್ ಪಾಲು. ಇವನು ಸಿಇಟಿ, ನೀಟ್ ಎರಡನ್ನೂ ಬರೆಯುತ್ತಾನೆ. ತಿಂಗಳುಗಟ್ಟಲೆ ನಾನು ಆ ಪಕ್ಕದ ಹುಡುಗನ ಅಪ್ಪನೇ ಆಗಿಬಿಟ್ಟಿದ್ದೆ. ಪ್ರತಿ ಸಂಜೆ ಮಾಕ್ ಟೆಸ್ಟಿನ ಅಂಕ ಕೇಳಿ ಕೇಳಿ, ಹುಡುಗ ತಟ್ಟೆ ಹಿಡಿದು ರೂಮಿಗೇ ಹೋಗತೊಡಗಿದ.

ಅವನನ್ನು ಈಚೆಗೆ ಕರೆತಂದದ್ದು ಅಪ್ಪನ ವಾಚು. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ ಅಂದಾಗ, "ಒಂದಕ್ಕೆ ಎಂಬತ್ತು ಸೆಕೆಂಡು" ಅಂತ ಬಾಯಲ್ಲೇ ಲೆಕ್ಕ ಹಾಕಿದರು. ತಪ್ಪಿಗೆ ಅಂಕ ಕಳೆಯಲ್ಲ ಎಂದು ತಿಳಿದು ಖುಷಿಪಟ್ಟರು. ನೀಟಿನಲ್ಲಿ ಸರಿಯಾದರೆ ನಾಲ್ಕು, ತಪ್ಪಾದರೆ ಒಂದು ಕಡಿತ ಅಂದದ್ದಕ್ಕೆ ಮಾತ್ರ ಮುಖ ಗಂಟಾಯಿತು. "ಹಂಗಾದ್ರೆ ಗೊತ್ತಿಲ್ಲದ ಮಾಲು ಮುಟ್ಟಬೇಡಪ್ಪ."

ಮೊನ್ನೆ ರಾತ್ರಿ ಊಟದ ಮೇಜಿನ ಮುಂದೆ ಇಬ್ಬರೂ ಕೂತಿದ್ದರು. ಎಂಬತ್ತು ನಿಮಿಷ ಮುಗಿಯಿತು; ಮಗನಿಗೆ ಇನ್ನೂ ಮೂರು ಪ್ರಶ್ನೆ ಬಾಕಿ. ಅಪ್ಪ ವಾಚನ್ನು ಅಂಗಿ ಜೇಬಿಗೆ ಇಳಿಸಿ, ನನ್ನತ್ತ ಒಮ್ಮೆ ನೋಡಿ, ಮೆಲ್ಲಗೆ ಹೇಳಿದರು: "ಇನ್ನು ನಾಲ್ಕು ನಿಮಿಷ ತಗೋ. ಯಾರಿಗೂ ಹೇಳಬೇಡ."