ಪತ್ರಿಕಾವೃತ್ತಿಯ ಹಲವು ಮಾರ್ಗಗಳು ಮತ್ತು ಹಳಕಟ್ಟಿಯವರು

ಪತ್ರಿಕಾವೃತ್ತಿಯೆಂದೊಡನೆ ಸುದ್ದಿಯನ್ನು ಸಂಗ್ರಹಿಸುವ ವರದಿಗಾರನೊಬ್ಬನೇ ನಮ್ಮ ನೆನಪಿಗೆ ಬರುವುದುಂಟು. ಆದರೆ ಕನ್ನಡನಾಡಿನ ಪತ್ರಿಕೆಗಳ ಇತಿಹಾಸವನ್ನು ಅವಲೋಕಿಸಿದರೆ, ಈ ಕ್ಷೇತ್ರಕ್ಕೆ ಬಂದವರ ಮಾರ್ಗಗಳೂ ಗುರಿಗಳೂ ಭಿನ್ನವಾಗಿದ್ದುವೆಂಬುದು ವಿದಿತವಾಗುತ್ತದೆ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರು ಕ್ರೈಸ್ತ ಧರ್ಮಪ್ರಚಾರಕರು. ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರು ಉಪಾಧ್ಯಾಯ ವೃತ್ತಿಯವರು. 1913ರಲ್ಲಿ 'ಕರ್ನಾಟಕ'ವನ್ನು ಆರಂಭಿಸಿದ ಡಿ. ವಿ. ಗುಂಡಪ್ಪನವರು ರಾಜ್ಯವಿಚಾರಗಳ ವಿಮರ್ಶೆಯನ್ನು ತಮ್ಮ ಮಾರ್ಗವಾಗಿ ಆರಿಸಿಕೊಂಡರು. ಇವೆಲ್ಲಕ್ಕಿಂತ ಬೇರೆಯಾದ ಇನ್ನೊಂದು ಮಾರ್ಗವುಂಟು. ಅದು ಸಂಶೋಧಕ ಸಂಪಾದಕನ ಮಾರ್ಗ. ವಚನಪಿತಾಮಹ ಲಿಂ. ಫ. ಗು. ಹಳಕಟ್ಟಿಯವರು ಅದಕ್ಕೆ ಉಜ್ವಲ ನಿದರ್ಶನ.

1880ರಲ್ಲಿ ಧಾರವಾಡದಲ್ಲಿ ಜನಿಸಿದ ಹಳಕಟ್ಟಿಯವರು ಕಾನೂನು ಪದವಿ ಪಡೆದು ವಿಜಾಪುರದಲ್ಲಿ ವಕೀಲಿ ಮಾಡಿದರು. ಅಲ್ಲಿಯ ಬಿ.ಎಲ್.ಡಿ.ಇ. ಸಂಸ್ಥೆ, ಸಿದ್ಧೇಶ್ವರ ಬ್ಯಾಂಕುಗಳ ಸ್ಥಾಪನೆಗೂ ಕಾರಣರಾದರು. ಊರೂರು ತಿರುಗಿ, ಮನೆಮನೆಯ ಅಟ್ಟಗಳಲ್ಲಿ ಅಡಗಿದ್ದ ತಾಡೋಲೆಯ ಕಟ್ಟುಗಳನ್ನು ಕಲೆಹಾಕಿದರು. ಇದರ ಫಲವಾಗಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು.

ಆದರೆ ದೊರೆತ ಸಾಹಿತ್ಯರಾಶಿ ಒಂದೆರಡು ಗ್ರಂಥಗಳಲ್ಲಿ ಮುಗಿಯುವಂಥದಲ್ಲ. ಪರರ ಮುದ್ರಣಾಲಯವನ್ನು ಅವಲಂಬಿಸಿ ಅದನ್ನೆಲ್ಲ ಬೆಳಕಿಗೆ ತರುವುದೂ ಸಾಧ್ಯವಿರಲಿಲ್ಲ. ಆದುದರಿಂದ ಅವರು ತಮ್ಮ ಮನೆಯನ್ನೇ ಮಾರಿ 1925ರಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯೂ 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆಯೂ ಹೊರಟವು.

ಈ ಎರಡು ಪತ್ರಿಕೆಗಳ ಧರ್ಮ ಒಂದೇ ಅಲ್ಲವೆಂಬುದನ್ನು ಗಮನಿಸಬೇಕು. ವಾರಪತ್ರಿಕೆಗೆ ಕಾಲವೇ ಒಡೆಯ. ಈ ವಾರದ ಮಾತು ಮುಂದಿನ ವಾರಕ್ಕೆ ಹಳತಾಗುತ್ತದೆ. ಸಂಶೋಧನ ಪತ್ರಿಕೆಗೆ ಪಾಠಶುದ್ಧಿಯೇ ಒಡೆಯ. ಓಲೆಯಲ್ಲಿ ಪದಗಳ ನಡುವೆ ತೆರಪಿಲ್ಲ. ಪ್ರತಿಯಿಂದ ಪ್ರತಿಗೆ ಪಾಠ ವ್ಯತ್ಯಾಸವಾಗುತ್ತದೆ. ಅದನ್ನು ಓದಿ, ಪದ ಬಿಡಿಸಿ, ಹೋಲಿಸಿ, ಅಚ್ಚಿನ ಮೊಳೆ ಜೋಡಿಸಿದ ಮೇಲೆ ಕರಡನ್ನು ಮತ್ತೆ ತಿದ್ದಬೇಕು. ಒಂದು ಅಕ್ಷರ ತಪ್ಪಿದರೆ ಶರಣರ ಮಾತೇ ತಪ್ಪಿ ಉಳಿಯುತ್ತದೆ. ಸಂಗ್ರಾಹಕ, ಸಂಪಾದಕ, ಪ್ರಕಾಶಕ, ಮುದ್ರಣಾಲಯದ ಯಜಮಾನ ಎಂಬ ಈ ಹೊಣೆಗಳೆಲ್ಲವೂ ಒಬ್ಬರ ಹೆಗಲ ಮೇಲೆಯೇ ಬಿದ್ದುವು. ಗ್ರಂಥರೂಪವನ್ನು ಕಾಯದೆ ಅಪ್ರಕಟಿತ ವಚನಗಳನ್ನೂ ಶರಣರ ಚರಿತ್ರೆಗಳನ್ನೂ ವಿದ್ವಾಂಸರ ಕೈಗಿತ್ತುದು 'ಶಿವಾನುಭವ'ದ ಹಿರಿಮೆ.

ಈ ಮಾರ್ಗ ಅವರಿಗೆ ಸಂಪತ್ತನ್ನು ತರಲಿಲ್ಲ. ಗೌರವವು ಬಂದುದುಂಟು: 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಡಿ.ಲಿಟ್. ಪದವಿ. 1964ರಲ್ಲಿ ಅವರು ಲಿಂಗೈಕ್ಯರಾದರು.

ಇಂದು ಮೊಳೆಯಚ್ಚು ಮರೆಯಾಗಿದೆ, ಗಣಕಯಂತ್ರ ಬಂದಿದೆ. ಪತ್ರಿಕೋದ್ಯಮವನ್ನು ಅಭ್ಯಾಸಮಾಡುವ ತರುಣರು ವರದಿ, ಅಂಕಣ, ದೃಶ್ಯವಾಹಿನಿಗಳ ಕಡೆಗೆ ಒಲಿಯುವುದು ತಪ್ಪಲ್ಲ. ಆದರೆ ಓಲೆ ಓದಬಲ್ಲ, ಪಾಠ ತೂಗಬಲ್ಲ, ಕರಡು ತಿದ್ದಬಲ್ಲ ಸಂಪಾದಕರು ಇಲ್ಲವಾದರೆ, ಮಠಗಳಲ್ಲಿಯೂ ಮನೆಗಳಲ್ಲಿಯೂ ಉಳಿದಿರುವ ಕಟ್ಟುಗಳು ಹುಳುವಿನ ಪಾಲಾಗುವುವು. ಕಾಯಕವೆಂದು ಬಗೆದು ಈ ಮಾರ್ಗವನ್ನು ಹಿಡಿಯುವ ಕೆಲವರಾದರೂ ನಮ್ಮ ಸಾಹಿತ್ಯ ವಿದ್ಯಾರ್ಥಿಗಳಲ್ಲಿ ಹುಟ್ಟಬೇಕು. ಹಳಕಟ್ಟಿಯವರಿಗೆ ಸಲ್ಲಿಸತಕ್ಕ ನಿಜವಾದ ಸ್ಮರಣೆ ಅದೇ.