ನೋಡುವುದು ಮತ್ತು ನೋಡಿಕೊಳ್ಳುವುದು: ಮಾನಸಿಕ ರೋಗಿಗಳ ಆರೈಕೆಯ ಇತಿಹಾಸದಿಂದ ಒಂದು ಪಾಠ



ನಮ್ಮ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯನ್ನು ನೀವು ನೋಡಿರಬಹುದು. ಫ್ರೆಂಚ್ ಪಾದ್ರಿಗಳು 19ನೇ ಶತಮಾನದಲ್ಲಿ ಕಟ್ಟಿಸಿದ ರೋಸರಿ ಚರ್ಚ್ ಅಲ್ಲಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಅಲ್ಲಿನ ಜನ ಬೇರೆಡೆಗೆ ಹೋದರು, ಚರ್ಚಿನ ಗೋಡೆಗಳು ಮಾತ್ರ ಹಿನ್ನೀರಿನಲ್ಲಿ ಉಳಿದವು. ಇಂದು ಎಲ್ಲೆಲ್ಲಿಂದಲೋ ಜನ ಬಂದು ಆ ಮುರಿದ ಗೋಡೆಗಳನ್ನು ನೋಡುತ್ತಾರೆ, ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಆದರೆ ಅದೇ ದಾರಿಯ ಊರುಗಳಲ್ಲಿ, ನಮ್ಮ ನಿಮ್ಮ ಮೊಹಲ್ಲಾಗಳಲ್ಲಿ, ಯಾರೂ ಹೋಗಿ ನೋಡದ ಕೋಣೆಗಳಿವೆ. ಮನೆಯ ಹಿಂಬದಿಯಲ್ಲಿ, ಹೊರಗಿನಿಂದ ಚಿಲಕ ಹಾಕಿದ ಕೋಣೆ. ಒಳಗೆ ಬುದ್ಧಿ ಸ್ಥಿಮಿತದಲ್ಲಿಲ್ಲದ ಒಬ್ಬ ಮಗ, ಒಬ್ಬ ತಂಗಿ, ಒಬ್ಬ ಚಿಕ್ಕಪ್ಪ. ಮದುವೆ ಮಾತುಕತೆಯ ದಿನ ನೆಂಟರಿಗೆ ಅವರ ಹೆಸರನ್ನೂ ಹೇಳುವುದಿಲ್ಲ. ಮನೆಯವರು ಕೈಸೋತ ಮೇಲೆ ಅವರನ್ನು ಯಾವುದೋ ದರ್ಗಾದ ಬಳಿಯೋ, ದೂರದ ಊರಿನ ಒಂದು ಆಶ್ರಯಮನೆಯಲ್ಲೋ ಬಿಟ್ಟು ಬರುತ್ತಾರೆ. ತಿಂಗಳಿಗೆ ಇಷ್ಟು ಎಂದು ಹಣ ಕಳುಹಿಸುತ್ತಾರೆ. ಹೋಗಿ ನೋಡುವುದು ಮಾತ್ರ ಕ್ರಮೇಣ ನಿಂತುಹೋಗುತ್ತದೆ.

ಅಂತಹ ಆಶ್ರಯಮನೆಯೊಂದು ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯುವುದು ಹೇಗೆ? ಈ ಪ್ರಶ್ನೆಗೆ ಇತಿಹಾಸ ಒಂದು ಸ್ಪಷ್ಟ ಉತ್ತರ ಕೊಡುತ್ತದೆ. ಆ ಉತ್ತರ ನಮ್ಮ ಭಾಷೆಯ ಎರಡು ಪದಗಳಲ್ಲೇ ಇದೆ: ನೋಡುವುದು ಮತ್ತು ನೋಡಿಕೊಳ್ಳುವುದು. ಹೋಗಿ ನೋಡುವವರಿಲ್ಲದ ಕಡೆ ನೋಡಿಕೊಳ್ಳುವುದೂ ನಿಲ್ಲುತ್ತದೆ.

ಅನ್ನ, ಬಟ್ಟೆ, ಒಳ್ಳೆಯ ಮಾತು

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 5ನೇ ಸೂಕ್ತವು ತಿಳುವಳಿಕೆ ಸಾಲದವರ ಆಸ್ತಿಯ ವಿಷಯವನ್ನು ಹೇಳುತ್ತದೆ. ಸೊತ್ತನ್ನು ಅವರ ಕೈಗೆ ಬಿಟ್ಟುಬಿಡಬಾರದು, ಆದರೆ ಅದರಿಂದಲೇ ಅವರಿಗೆ ಉಣಿಸಬೇಕು, ಉಡಿಸಬೇಕು, ಅವರೊಡನೆ ಒಳ್ಳೆಯ ಮಾತನ್ನಾಡಬೇಕು ಎಂಬುದು ಅದರ ಸಾರಾಂಶ. ಗಮನಿಸಿ, ಅನ್ನ ಬಟ್ಟೆ ಕೊಟ್ಟರೆ ಕರ್ತವ್ಯ ಮುಗಿಯಿತು ಎಂದು ಅಲ್ಲಿ ಹೇಳಿಲ್ಲ. ಒಳ್ಳೆಯ ಮಾತನ್ನೂ ಅದೇ ಸಾಲಿನಲ್ಲಿ ಸೇರಿಸಲಾಗಿದೆ. ಬುದ್ಧಿ ಸ್ವಾಧೀನದಲ್ಲಿಲ್ಲದವನ ಕರ್ಮಗಳನ್ನು ಅವನು ಸರಿಹೋಗುವವರೆಗೆ ಬರೆಯಲಾಗುವುದಿಲ್ಲ ಎಂದು ಪ್ರವಾದಿ ಮುಹಮ್ಮದ್ (ಸ) ತಿಳಿಸಿದ್ದಾರೆ. ಅಲ್ಲಾಹನೇ ಲೆಕ್ಕ ಕೇಳದವನನ್ನು ಶಿಕ್ಷಿಸಲು ನಾವು ಯಾರು? ಪ್ರತಿಯೊಂದು ರೋಗಕ್ಕೂ ಔಷಧವಿದೆ, ಚಿಕಿತ್ಸೆ ಪಡೆಯಿರಿ ಎಂಬುದೂ ಪ್ರವಾದಿಯವರ ಬೋಧನೆಯೇ.

ಕೈರೋದ ಬೀಮಾರಿಸ್ತಾನಗಳು

ಈ ಬೋಧನೆ ಬರೀ ಮಾತಾಗಿ ಉಳಿಯಲಿಲ್ಲ. ಇಸ್ಲಾಮೀ ನಾಗರಿಕತೆಯ ದೊಡ್ಡ ನಗರಗಳಲ್ಲಿ ಬೀಮಾರಿಸ್ತಾನ್ ಎಂಬ ಆಸ್ಪತ್ರೆಗಳು ಹುಟ್ಟಿಕೊಂಡವು. ಈಜಿಪ್ಟಿನ ಅಹ್ಮದ್ ಇಬ್ನ್ ತೂಲೂನ್ ಕ್ರಿ.ಶ. 872ರ ಸುಮಾರಿಗೆ ಇಂದಿನ ಕೈರೋ ಪ್ರದೇಶದಲ್ಲಿ ಒಂದು ಆಸ್ಪತ್ರೆ ಕಟ್ಟಿಸಿದನು. ಒಳಗೆ ಬಂದ ರೋಗಿಯ ಬಟ್ಟೆ ಮತ್ತು ಹಣವನ್ನು ಜೋಪಾನವಾಗಿ ಇಟ್ಟುಕೊಂಡು, ಆಸ್ಪತ್ರೆಯ ಬಟ್ಟೆ ಕೊಡುತ್ತಿದ್ದರು. ಅವನು ಒಂದು ರೊಟ್ಟಿ ಮತ್ತು ಕೋಳಿಯನ್ನು ತಿಂದು ಅರಗಿಸಿಕೊಳ್ಳುವಷ್ಟಾದಾಗ ಗುಣವಾಯಿತೆಂದು ತಿಳಿದು, ಇಟ್ಟುಕೊಂಡದ್ದನ್ನೆಲ್ಲ ಹಿಂದಿರುಗಿಸಿ ಕಳುಹಿಸುತ್ತಿದ್ದರು. ಬುದ್ಧಿಭ್ರಮಣೆಯವರಿಗೂ ಅಲ್ಲಿ ಜಾಗವಿತ್ತು.

1284ರಲ್ಲಿ ಸುಲ್ತಾನ್ ಖಲಾವೂನ್ ಕೈರೋದಲ್ಲಿ ಕಟ್ಟಿಸಿದ ಮನ್ಸೂರಿ ಬೀಮಾರಿಸ್ತಾನ್ ಇನ್ನೂ ದೊಡ್ಡದು. ಜ್ವರದವರಿಗೆ, ಕಣ್ಣಿನ ರೋಗಿಗಳಿಗೆ, ಶಸ್ತ್ರಚಿಕಿತ್ಸೆಯವರಿಗೆ, ಮಾನಸಿಕ ರೋಗಿಗಳಿಗೆ ಬೇರೆ ಬೇರೆ ವಿಭಾಗಗಳು. ಬಡವ ಬಲ್ಲಿದ, ಗಂಡು ಹೆಣ್ಣು ಎಂಬ ಭೇದವಿಲ್ಲದೆ, ಗುಣವಾಗುವವರೆಗೆ ಚಿಕಿತ್ಸೆ. ಖರ್ಚೆಲ್ಲವೂ ವಕ್ಫ್ ಆದಾಯದಿಂದ. ಹೊರಡುವಾಗ ರೋಗಿಯ ಕೈಗೆ ಒಂದಿಷ್ಟು ಹಣವನ್ನೂ ಕೊಡುತ್ತಿದ್ದರು, ಮರುದಿನವೇ ಕೂಲಿಗೆ ಹೋಗುವ ಒತ್ತಾಯ ಬೀಳದಿರಲೆಂದು. ತುರ್ಕಿಯ ಎದಿರ್ನೆಯಲ್ಲಿ ಸುಲ್ತಾನ್ ಎರಡನೇ ಬಾಯಜೀದ್ 1488ರಲ್ಲಿ ಪೂರ್ಣಗೊಳಿಸಿದ ಆಸ್ಪತ್ರೆಯಲ್ಲಿ ರೋಗಿಗಳ ಮನಸ್ಸಿಗೆ ನೆಮ್ಮದಿ ಕೊಡಲು ಗಾಯಕರು ವಾದ್ಯಗಾರರು ವಾರಕ್ಕೆ ಮೂರು ದಿನ ಬರುತ್ತಿದ್ದರು ಎಂದು ಪ್ರವಾಸಿ ಎವ್ಲಿಯಾ ಚೆಲೆಬಿ 17ನೇ ಶತಮಾನದಲ್ಲಿ ಬರೆದಿದ್ದಾನೆ.

ಒಂದು ದಾಳಿಂಬೆಯ ಕಥೆ

ಇಷ್ಟು ಓದಿ ಹೆಮ್ಮೆಪಟ್ಟು ಪುಸ್ತಕ ಮುಚ್ಚಿದರೆ ನಾವು ಇತಿಹಾಸದಿಂದ ಕಲಿತದ್ದು ಅರ್ಧ ಮಾತ್ರ. ಉಳಿದರ್ಧವನ್ನೂ ನಮ್ಮ ಇತಿಹಾಸಕಾರರೇ ಬಚ್ಚಿಡದೆ ದಾಖಲಿಸಿದ್ದಾರೆ.

ಇಬ್ನ್ ತೂಲೂನ್ ಪ್ರತಿ ಶುಕ್ರವಾರ ತಾನೇ ಆಸ್ಪತ್ರೆಗೆ ಹೋಗಿ ಔಷಧದ ಉಗ್ರಾಣ, ವೈದ್ಯರ ಕೆಲಸ, ರೋಗಿಗಳ ಸ್ಥಿತಿಯನ್ನು ಪರಿಶೀಲಿಸುತ್ತಿದ್ದನಂತೆ. ಒಂದು ದಿನ ಸಂಕೋಲೆಯಲ್ಲಿದ್ದ ಒಬ್ಬ ರೋಗಿ, ತಾನು ಹುಚ್ಚನಲ್ಲವೆಂದೂ ತನಗೆ ದೊಡ್ಡದೊಂದು ದಾಳಿಂಬೆ ತಿನ್ನುವ ಆಸೆಯೆಂದೂ ಹೇಳಿಕೊಂಡ. ಇಬ್ನ್ ತೂಲೂನ್ ಕೂಡಲೇ ತರಿಸಿಕೊಟ್ಟ. ರೋಗಿ ಅದನ್ನು ಕೈಯಲ್ಲಿ ತೂಗಿ ನೋಡಿ, ಅವನು ಮೈಮರೆತ ಹೊತ್ತಿನಲ್ಲಿ ಎದೆಗೆ ಗುರಿಯಿಟ್ಟು ಎಸೆದುಬಿಟ್ಟ. ಬಟ್ಟೆಯೆಲ್ಲ ದಾಳಿಂಬೆಯ ರಸ. ಆ ದಿನದ ನಂತರ ಇಬ್ನ್ ತೂಲೂನ್ ಆಸ್ಪತ್ರೆಯ ಕಡೆಗೆ ಬರಲೇ ಇಲ್ಲ.

ಕೇಳಿ ನಗು ಬರಬಹುದು. ಆದರೆ ಅಂದು ನಿಂತದ್ದು ಏನೆಂದು ಯೋಚಿಸಿ. ಉಗ್ರಾಣವನ್ನು, ಅಡುಗೆಯನ್ನು, ಸಂಕೋಲೆಯನ್ನು ವಾರಕ್ಕೊಮ್ಮೆ ನೋಡುತ್ತಿದ್ದ ಕಣ್ಣು ನಿಂತಿತು. ರೋಗಿ ಒಮ್ಮೆ ಕೈ ಎತ್ತಿದ ಎಂದು, ಬೈದ ಎಂದು, ನೆಂಟರ ಮುಂದೆ ಮಾನ ಕಳೆದ ಎಂದು ನಾವೂ ಹೋಗುವುದನ್ನು ನಿಲ್ಲಿಸುವುದಿಲ್ಲವೇ?

ಮನ್ಸೂರಿ ಬೀಮಾರಿಸ್ತಾನದ ಕೊನೆಯ ದಿನಗಳು ಇನ್ನೂ ಕಹಿ. ಶತಮಾನಗಳ ನಂತರ, 1830ರ ದಶಕದಲ್ಲಿ ಎಡ್ವರ್ಡ್ ಲೇನ್ ಎಂಬ ಇಂಗ್ಲಿಷ್ ವಿದ್ವಾಂಸ ಅಲ್ಲಿಗೆ ಹೋದಾಗ, ಸಣ್ಣ ಗೂಡಿನಂತಹ ಕೋಣೆಗಳಲ್ಲಿ ಮಾನಸಿಕ ರೋಗಿಗಳು ಕುತ್ತಿಗೆಗೆ ಸರಪಳಿ ಹಾಕಿಸಿಕೊಂಡು ಕುಳಿತಿದ್ದರು. ಅದೇ ಕಟ್ಟಡ, ಅದೇ ಹೆಸರು.

ಇದು ನಮ್ಮವರ ಕಥೆ ಮಾತ್ರವಲ್ಲ. ಲಂಡನ್ನಿನ ಬೆತ್ಲೆಮ್ ಆಸ್ಪತ್ರೆಯಲ್ಲಿ 18ನೇ ಶತಮಾನದಲ್ಲಿ ಜನ ಮೃಗಾಲಯಕ್ಕೆ ಹೋಗುವಂತೆ ಹೋಗಿ ಹುಚ್ಚರನ್ನು ನೋಡಿ ನಗುತ್ತಿದ್ದರು. 1770ರಲ್ಲಿ ಅದಕ್ಕೆ ಕಡಿವಾಣ ಬಿತ್ತು. ಅಲ್ಲಿ ನೋಡುವವರಿಗೆ ಕೊರತೆಯಿರಲಿಲ್ಲ, ಆದರೆ ಅದು ಬರೀ ತಮಾಷೆಯ ನೋಟ. ಹೊಣೆ ಹೊತ್ತು ನೋಡುವುದೇ ಬೇರೆ.

ಬೆಂಗಳೂರಿನ ಹೆಜ್ಜೆಗಳು

ನಮ್ಮ ನಾಡಿನಲ್ಲಿ ಈ ಕಥೆ ಆರಂಭವಾಗುವುದು 1840ರ ದಶಕದ ಕೊನೆಯಲ್ಲಿ, ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಬೆಂಗಳೂರಿನಲ್ಲಿ ಆರಂಭಿಸಿದ ಹುಚ್ಚಾಸ್ಪತ್ರೆಯಿಂದ. 1925ರಲ್ಲಿ ಅದರ ಹೆಸರು ಮಾನಸಿಕ ಆಸ್ಪತ್ರೆ ಎಂದಾಯಿತು. ಸರ್ ಮಿರ್ಜಾ ಇಸ್ಮಾಯಿಲ್ ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿಯೇ, 1930ರ ದಶಕದ ಉತ್ತರಾರ್ಧದಲ್ಲಿ, ಆಸ್ಪತ್ರೆ ಹೊಸೂರು ರಸ್ತೆಯ ವಿಶಾಲ ಜಾಗಕ್ಕೆ ಬಂತು. ಡಾ. ಫ್ರಾಂಕ್ ನೊರೊನ್ಹಾ, ಡಾ. ಎಂ.ವಿ. ಗೋವಿಂದಸ್ವಾಮಿ ಅವರಂತಹ ವೈದ್ಯರು ಅದನ್ನು ಬೆಳೆಸಿದರು. 1954ರಲ್ಲಿ ಅದರೊಂದಿಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಕಟ್ಟಡಕ್ಕಿಂತ ದೊಡ್ಡ ಬದಲಾವಣೆ ಬಂದದ್ದು ಕುಟುಂಬವನ್ನು ಒಳಗೆ ಬಿಟ್ಟುಕೊಂಡಾಗ. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಗುಡಾರ ಹಾಕಿಸಿ ರೋಗಿಗಳ ಮನೆಯವರನ್ನೇ ಉಳಿಸಿಕೊಂಡರು. ಮನೆಯವರು ಜೊತೆಗಿದ್ದಾಗ ರೋಗಿಗಳು ಬೇಗ ಚೇತರಿಸಿಕೊಂಡು ಮನೆಗೆ ಮರಳುತ್ತಿದ್ದರು. ಮನೆಯವರಿಗೆ ರೋಗದ ತಿಳುವಳಿಕೆಯೂ ಬಂತು. ಮುಂದೆ ನಿಮ್ಹಾನ್ಸ್‌ನಲ್ಲಿಯೂ ಮನೆಯವರು ರೋಗಿಯ ಜೊತೆ ಉಳಿಯುವ ವಾರ್ಡುಗಳು ಬಂದವು. 1985ರಿಂದ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮಾನಸಿಕ ರೋಗಕ್ಕೆ ಔಷಧ ಕೊಡುವ ಪ್ರಯೋಗ ನಡೆಸಿತು. ಇಂದಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಆಸ್ಪತ್ರೆಗೂ ಮನೆಗೂ ನಡುವೆ ಒಂದು ತಂಗುದಾಣ ಬೇಕು ಎಂಬ ವಿಚಾರವೂ ಬೆಂಗಳೂರಿನಲ್ಲಿ ಬೇರೂರಿತು. 1964ರಲ್ಲಿ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್, 1986ರಲ್ಲಿ ರಿಚ್ಮಂಡ್ ಫೆಲೋಶಿಪ್ ಸೊಸೈಟಿ ಆರಂಭವಾದವು. ಇಂತಹ ಸಣ್ಣ ಮನೆಗಳಲ್ಲಿ ಕೆಲವೇ ಜನ ಒಟ್ಟಿಗೆ ಇದ್ದು, ಅಡುಗೆ ಮಾಡುತ್ತಾ, ಮಾರುಕಟ್ಟೆಗೆ ಹೋಗುತ್ತಾ, ಕೆಲಸ ಕಲಿಯುತ್ತಾ ಹೊರಗಿನ ಬದುಕಿಗೆ ಮರಳುವ ಅಭ್ಯಾಸ ಮಾಡಿಕೊಳ್ಳುತ್ತಾರೆ.

ಏರ್ವಾಡಿಯ ಬೆಳಗು

ಹಾಗಾದರೆ ಸಣ್ಣ ಮನೆ ಎಂದರೆ ಒಳ್ಳೆಯ ಮನೆಯೇ? ಇಲ್ಲ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯನ್ನು ನೆನಪಿಸಿಕೊಳ್ಳಿ. ಅಲ್ಲಿನ ಪ್ರಸಿದ್ಧ ದರ್ಗಾದ ಸುತ್ತ, ದುವಾಕ್ಕೆಂದು ಬರುವ ಮಾನಸಿಕ ರೋಗಿಗಳನ್ನು ಇಟ್ಟುಕೊಳ್ಳುವ ಖಾಸಗಿ ಮನೆಗಳು ತಲೆಯೆತ್ತಿದ್ದವು. ಅವು ದರ್ಗಾದ ಮನೆಗಳಲ್ಲ, ಹಣಕ್ಕಾಗಿ ನಡೆಸುತ್ತಿದ್ದ ಮನೆಗಳು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂತಹ ಒಂದು ಮನೆಯ ಗರಿಯ ಚಪ್ಪರಕ್ಕೆ ಬೆಂಕಿ ಬಿತ್ತು. ಒಳಗೆ 40ಕ್ಕೂ ಹೆಚ್ಚು ಜನರಿದ್ದರು. ಬಹಳ ಜನರನ್ನು ಸರಪಳಿಯಿಂದ ಕಟ್ಟಲಾಗಿತ್ತು. ಓಡಲಾಗದೆ 28 ಜನ ಪ್ರಾಣ ಬಿಟ್ಟರು.

ಆ ಮನೆಯೂ ಸಣ್ಣದೇ. ಅಲ್ಲಿಯೂ ಕುಟುಂಬದವರೇ ಹಣ ಕೊಟ್ಟು ಬಿಟ್ಟುಹೋಗಿದ್ದರು. ಆಗ ಜಾರಿಯಲ್ಲಿದ್ದ 1987ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಇಂತಹ ಕೇಂದ್ರಗಳಿಗೆ ಪರವಾನಗಿ ಬೇಕಿತ್ತು, ನೇಮಕಗೊಂಡ ಸಂದರ್ಶಕರು ತಿಂಗಳಿಗೊಮ್ಮೆ ಒಟ್ಟಾಗಿ ಹೋಗಿ ತಪಾಸಣೆ ಮಾಡಬೇಕಿತ್ತು. ಕಾಗದದ ಮೇಲೆ ಕಣ್ಣುಗಳಿದ್ದವು, ಬಾಗಿಲಲ್ಲಿ ಯಾರೂ ಇರಲಿಲ್ಲ. ದುರಂತದ ನಂತರ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು, ಏರ್ವಾಡಿಯ ಆ ಮನೆಗಳನ್ನು ಮುಚ್ಚಿಸಲಾಯಿತು.

ದುವಾ ಬೇಡವೆಂದು ಈ ಮಾತಿನ ಅರ್ಥವಲ್ಲ. ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ ಮನೋವೈದ್ಯರ ಚಿಕಿತ್ಸಾಲಯವನ್ನೇ ತೆರೆಯಲಾಯಿತು. ದವಾ ಮತ್ತು ದುವಾ ಎರಡೂ ಒಂದೇ ಅಂಗಳದಲ್ಲಿ. ದುವಾ ಮಾಡಿಸುವವರೇ ರೋಗಿಯನ್ನು ವೈದ್ಯರ ಬಳಿಗೆ ಕಳುಹಿಸುವ ಪದ್ಧತಿ ಅಲ್ಲಿ ಬೆಳೆಯಿತು.

ಇಂದಿನ ಕಾನೂನು ಮತ್ತು ನಮ್ಮ ಪ್ರಶ್ನೆಗಳು

2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹಳೆಯ ಕಾಯ್ದೆಯ ಸ್ಥಾನ ಪಡೆದಿದೆ. ಮಾನಸಿಕ ರೋಗಿಗಳನ್ನು ಇಟ್ಟುಕೊಂಡು ಆರೈಕೆ ಮಾಡುವ ಕೇಂದ್ರ ಎಷ್ಟೇ ಸಣ್ಣದಾಗಿರಲಿ ನೋಂದಣಿ ಆಗಿರಬೇಕು. ಸರಪಳಿ ಹಾಕುವುದು ಸಂಪೂರ್ಣ ನಿಷಿದ್ಧ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಸಂಬಳವಿಲ್ಲದೆ ದುಡಿಸುವಂತಿಲ್ಲ. ಶುಚಿಯಾದ ಜಾಗ, ಒಳ್ಳೆಯ ಊಟ, ಮೈಮುಚ್ಚುವ ಬಟ್ಟೆ, ಖಾಸಗಿತನ, ಸಂದರ್ಶಕರನ್ನು ಕಾಣುವುದು, ಫೋನಿನಲ್ಲಿ ಮಾತನಾಡುವುದು, ದೂರು ಕೊಡುವುದು, ಇವೆಲ್ಲ ರೋಗಿಯ ಹಕ್ಕುಗಳು. ಅನ್ನ, ಬಟ್ಟೆ, ಒಳ್ಳೆಯ ಮಾತು ಎಂಬ ಹಳೆಯ ಅಳತೆಯನ್ನು ಇಲ್ಲಿಯೂ ಕಾಣಬಹುದು.

ಆದರೂ ಕಾನೂನು ತಾನಾಗಿ ಬಾಗಿಲು ತಟ್ಟುವುದಿಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಆಯಾ ರೋಗಕ್ಕೆ ತಕ್ಕಂತೆ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಆದುದರಿಂದ ನಿಮ್ಮವರೊಬ್ಬರನ್ನು ಯಾವುದೇ ಮನೆಗೆ ಸೇರಿಸುವ ಮುನ್ನ ಕೆಲವು ಪ್ರಶ್ನೆ ಕೇಳಿ. ನೋಂದಣಿ ಪತ್ರ ಎಲ್ಲಿದೆ? ಮನೋವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ? ಔಷಧದ ಲೆಕ್ಕ ಬರೆದಿಡುತ್ತಾರೆಯೇ? ರಾತ್ರಿ ಯಾರಿರುತ್ತಾರೆ, ಬಾಗಿಲ ಬೀಗದ ಕೈ ಯಾರ ಬಳಿ? ಹೆಂಗಸರ ಜಾಗದಲ್ಲಿ ಹೆಂಗಸರೇ ನೋಡಿಕೊಳ್ಳುತ್ತಾರೆಯೇ? ಬೆಂಕಿ ಬಿದ್ದರೆ ಹೊರಬರುವ ದಾರಿ ಯಾವುದು? ಎಲ್ಲಕ್ಕಿಂತ ಮುಖ್ಯವಾಗಿ, ಹೇಳದೆ ಕೇಳದೆ ಒಂದು ದಿನ ಊಟದ ಹೊತ್ತಿಗೆ ಬಂದರೆ ನಮ್ಮನ್ನು ಒಳಗೆ ಬಿಡುತ್ತೀರಾ? ಈ ಕೊನೆಯ ಪ್ರಶ್ನೆಗೆ ತಡವರಿಸುವ ಮನೆಯಲ್ಲಿ ನಿಮ್ಮವರನ್ನು ಬಿಡಬೇಡಿ. ಸೇರಿಸಿದ ಮೇಲೂ ಹೋಗುತ್ತಲೇ ಇರಿ. ಹೋದಾಗ ನಡೆಸುವವರೊಡನೆ ಮಾತ್ರ ಮಾತನಾಡಿ ಬರಬೇಡಿ, ನಿಮ್ಮವರ ಪಕ್ಕದಲ್ಲಿ ಕುಳಿತು ಅವರ ಉಗುರು, ಬಟ್ಟೆ, ಮುಖ ನೋಡಿ, ಒಳ್ಳೆಯ ಮಾತನಾಡಿ.

ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲ ಹೆಜ್ಜೆಗೆ ಇಷ್ಟು ಸಾಕು.

ವಿದ್ಯಾರ್ಥಿ ಮಿತ್ರರೇ, ನಮ್ಮ ಸಂಸ್ಥೆ ವಿದ್ಯಾರ್ಥಿವೇತನ ಕೊಡುತ್ತದೆ, ಪುಸ್ತಕ ಹಂಚುತ್ತದೆ. ಅದರ ಜೊತೆಗೆ ನಾಲ್ಕೈದು ಜನರ ಒಂದು ಸಂದರ್ಶನ ತಂಡವನ್ನು ಕಟ್ಟುವುದು ಕಷ್ಟವೇನಲ್ಲ. ತಿಂಗಳಿಗೊಮ್ಮೆ, ಶುಕ್ರವಾರದ ನಮಾಜಿನ ನಂತರ, ನಮ್ಮ ಊರಿನವರು ಇರುವ ಒಂದು ಆಶ್ರಯಮನೆಗೆ, ಚಿಲಕ ಹಾಕಿದ ಕೋಣೆಯಿರುವ ಒಂದು ಮನೆಗೆ ಹೋಗಿ ಬರೋಣ. ಇಬ್ನ್ ತೂಲೂನ್ ಬಿಟ್ಟ ಕೆಲಸವನ್ನು ಮುಂದುವರಿಸೋಣ. ಯಾರಾದರೂ ದಾಳಿಂಬೆ ಎಸೆದರೆ ಬಟ್ಟೆ ಒಗೆದುಕೊಂಡು ಮುಂದಿನ ಶುಕ್ರವಾರ ಮತ್ತೆ ಹೋಗೋಣ.

ಅಲ್ಲಾಹನು ರೋಗಿಗಳಿಗೆ ಶಿಫಾ ನೀಡಲಿ, ಅವರನ್ನು ನೋಡಿಕೊಳ್ಳುವವರಿಗೆ ತಾಳ್ಮೆ ನೀಡಲಿ. ಆಮೀನ್.